ಭುಜ ದೊಡ್ಡದಿರೋ ಹಳೇ ಜಾಕೆಟ್ ತಗೋಬೋದಾ?

ಹೆಸರು ಹಾಕ್ಬೇಡಿ ಅಂತ ಕೇಳ್ಕೊಂಡಿರೋ ಓದುಗರೊಬ್ರು ಬರ್ದಿರೋದು ಇಷ್ಟು: ಸೆಕೆಂಡ್ ಹ್ಯಾಂಡಲ್ಲಿ ಸಿಗೋ ಹಳೇ ಕಾಲದ ಟೈಲರ್ಡ್ ಜಾಕೆಟ್ ಅಂದ್ರೆ ಅವರಿಗೆ ಹುಚ್ಚು, ಬೀರುವಲ್ಲಿ ಈಗ್ಲೇ ನಾಲ್ಕಿವೆ, ಹಾಕೋದು ಮಾತ್ರ ಒಂದೇ. ಈಗ ಐದನೇದು ಕಣ್ಣಿಗೆ ಬಿದ್ದಿದೆ, ಬೂದು ಬಣ್ಣದ, ಮೀನಿನ ಮುಳ್ಳಿನ ಥರ ಗೆರೆ ನೇಯ್ದಿರೋ ಹೆರಿಂಗ್‌ಬೋನ್, ಒಳಗಡೆ ಹ್ಯಾರಿಸ್ ಟ್ವೀಡ್ ಅನ್ನೋ ಉಣ್ಣೆ ಬಟ್ಟೆಯ ಲೇಬಲ್. "ಭುಜ ಸ್ವಲ್ಪ ದೊಡ್ಡದು, ತೋಳು ಉದ್ದ, ಟೈಲರ್ ಹತ್ರ ಕೊಟ್ರೆ ಸರಿ ಹೋಗತ್ತಲ್ವಾ? ಬಿಟ್ರೆ ಬೇರೆ ಯಾರಾದ್ರೂ ಹೊಡ್ಕೊಂಡು ಹೋಗ್ತಾರೆ" ಅಂತ ಕೇಳಿದಾರೆ.

ಹೋಗ್ಲಿ ಬಿಡಿ, ಹೊಡ್ಕೊಂಡು ಹೋಗ್ಲಿ.

ಬೇಜಾರು ಮಾಡ್ಕೋಬೇಡಿ, ನಿಮ್ಮ ಪತ್ರದಲ್ಲಿ ತೋಳಿನ ಸಮಸ್ಯೆನೂ ಭುಜದ ಸಮಸ್ಯೆನೂ ಒಂದೇ ಉಸಿರಲ್ಲಿ ಹೇಳ್ಬಿಟ್ಟಿದೀರ, ಅಲ್ಲೇ ಎಡವಟ್ಟಾಗ್ತಿರೋದು. ತೋಳು ಗಿಡ್ಡ ಮಾಡೋದು ಟೈಲರ್‌ಗೆ ದಿನಾ ಮಾಡೋ ಕೆಲಸ. ಭುಜ ಹಂಗಲ್ಲ, ತೋಳು ಪೂರ್ತಿ ಬಿಚ್ಚಬೇಕು, ಪ್ಯಾಡ್ ತೆಗೀಬೇಕು, ಒಳಗೆ ಆಕಾರ ಹಿಡಿಯೋ ಕ್ಯಾನ್ವಾಸ್ ಪದರ, ಲೈನಿಂಗ್ ಎಲ್ಲಾ ಸಡಿಲ ಮಾಡಿ ಭುಜ ಮತ್ತೆ ಕತ್ತರಿಸಿ, ಹೊಸ ಆಕಾರಕ್ಕೆ ತೋಳಿನ ತಲೆ ಕೂರಿಸ್ಬೇಕು, ಕಾಲರ್ ಅಲ್ಲಾಡದೆ ಉಳಿದ್ರೆ ಪುಣ್ಯ. ಇಷ್ಟಕ್ಕೆ ಆಗೋ ಖರ್ಚು ಎಷ್ಟೋ ಸಲ ಜಾಕೆಟ್ ರೇಟನ್ನೇ ಮೀರತ್ತೆ, ಮೇಲೆ ತೋಳಿನ ಹತ್ರ ಒಂದು ಸುಕ್ಕು ಖಾಯಂ ಆಗಿ ಕೂತಿರತ್ತೆ. ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. "ಆಲ್ಟರ್ ಮಾಡ್ಸಿದ್ರಾಯ್ತು" ಅಂತ ಅಂಗಡಿಲಿ ನಿಂತು ನಮಗೆ ನಾವೇ ಹೇಳ್ಕೋತೀವಲ್ಲ, ಬೀರುವಲ್ಲಿ ಸುಮ್ನೆ ನೇತಾಡ್ತಿರೋ ಮುಕ್ಕಾಲು ಜಾಕೆಟ್ ಆ ಮಾತಿಂದ್ಲೇ ಮನೆಗೆ ಬಂದಿರೋದು.

ಭುಜ ಸರಿ ಇದ್ಯಾ ಅಂತ ನೋಡೋಕೆ ಕನ್ನಡಿ ಸಾಕಾಗಲ್ಲ, ಯಾಕಂದ್ರೆ ಕನ್ನಡಿ ಮುಂದೆ ಎಲ್ರೂ ಎದೆ ಉಬ್ಬಿಸ್ಕೊಂಡೇ ನಿಂತಿರ್ತೀವಿ. ಗೋಡೆಗೆ ಪಕ್ಕವಾಗಿ ನಿಂತು ಮೆಲ್ಲಗೆ ವಾಲಿ ನೋಡಿ. ನಿಮ್ಮ ತೋಳು ಗೋಡೆಗೆ ತಾಗೋಕೆ ಮುಂಚೆನೇ ಪ್ಯಾಡ್ ತಾಗಿ ಮಡಚ್ಕೊಂಡ್ರೆ ಜಾಕೆಟ್ ದೊಡ್ಡದು, ಅಷ್ಟೇ. ಆಮೇಲೆ ಯಾರಿಗಾದ್ರೂ ಹಿಂದಿಂದ ಒಂದು ಫೋಟೋ ತೆಗಿಯೋಕೆ ಹೇಳಿ, ಕತ್ತಿಗೂ ಕಾಲರ್‌ಗೂ ನಡುವೆ ಗ್ಯಾಪ್ ಕಾಣ್ತಿದ್ರೆ ಅದೂ ಸುಲಭಕ್ಕೆ ಸರಿ ಹೋಗಲ್ಲ. 1980ರ ದಶಕದ ಜಾಕೆಟ್‌ಗಳಲ್ಲಿ ಬೇಕಂತಲೇ ಅಗಲ ಭುಜ ಇಡ್ತಿದ್ರು, ಆ ಲುಕ್ಕೇ ಬೇಕು ಅನ್ನೋರು ಖುಷಿಯಾಗಿ ತಗೊಳ್ಳಿ, ಆದ್ರೆ ಅದನ್ನ ತಂದು ಇವತ್ತಿನ ಭುಜ ಮಾಡ್ಸೋಕೆ ಹೋಗ್ಬೇಡಿ.

ಇನ್ನು ಉದ್ದ. ಜಾಕೆಟ್ ಕೆಳಗಿಂದ ಒಂದೆರಡು ಸೆಂಟಿಮೀಟರ್ ತೆಗೀಬೋದೇನೋ, ಅದಕ್ಕಿಂತ ಜಾಸ್ತಿ ಆದ್ರೆ ಜೇಬು ಅಂಚಿನ ಹತ್ರಕ್ಕೆ ಬಂದು ಕೂತು ಇಡೀ ಲೆಕ್ಕ ತಪ್ಪಿದ ಹಾಗೆ ಕಾಣತ್ತೆ. ಸೊಂಟ ಒಳಗೆ ತಗೊಳೋದು ಆರಾಮ್, ಸಡಿಲ ಮಾಡೋದು ಮಾತ್ರ ಒಳಗೆ ಬಟ್ಟೆ ಬಿಟ್ಟಿದ್ರೆ ಆಗತ್ತೆ, ಲೈನಿಂಗ್ ಮೇಲಿಂದ ಬೆನ್ನಿನ ಹೊಲಿಗೆ ಮುಟ್ಟಿ ನೋಡಿದ್ರೆ ಬಟ್ಟೆ ಎಷ್ಟಿದೆ ಅಂತ ಅಂದಾಜು ಸಿಗತ್ತೆ, ಬಿಟ್ಟಿದ್ರೂ ಹಳೇ ಮಡಿಕೆ ಗೆರೆ ಉಳಿಯೋ ಚಾನ್ಸ್ ಇದೆ. ತೋಳು ಸುಲಭ ಅಂದೆ, ಆದ್ರೆ ಮಣಿಕಟ್ಟಿನ ಬಟನ್‌ಗಳು ನಿಜವಾಗ್ಲೂ ಬಿಚ್ಚಿ ಹಾಕೋ ಥರ ಇದ್ರೆ, ಅಂದ್ರೆ ಕಾಜಾ ಕತ್ತರಿಸಿದ್ರೆ, ಕೆಳಗಿಂದ ಗಿಡ್ಡ ಮಾಡೋಕಾಗಲ್ಲ, ಮೇಲಿಂದ ಬಿಚ್ಚಬೇಕು, ಅದು ಮತ್ತೆ ಭುಜದ ರಾಮಾಯಣ.

ಹಾಗಾಗಿ ಅಂಗಡಿಗೆ ಹೋಗೋಕೆ ಮುಂಚೆ ಒಂದು ಕೆಲಸ ಮಾಡಿ. ಆ ನಾಲ್ಕರಲ್ಲಿ ನೀವು ಹಾಕೋ ಒಂದೇ ಒಂದು ಇದ್ಯಲ್ಲ, ಅದನ್ನ ಬಟನ್ ಹಾಕಿ ಟೇಬಲ್ ಮೇಲೆ ಚಪ್ಪಟೆಯಾಗಿ ಹರಡಿ, ಟೇಪ್ ಹಿಡ್ದು ಹಿಂದೆ ಭುಜದ ಹೊಲಿಗೆಯಿಂದ ಹೊಲಿಗೆಗೆ ಎಷ್ಟು, ಕಂಕುಳಿಂದ ಕಂಕುಳಿಗೆ ಎಷ್ಟು, ತೋಳು ಎಷ್ಟು, ಕಾಲರ್ ಕೆಳಗಿಂದ ಬೆನ್ನಿನುದ್ದ ಎಷ್ಟು ಅಂತ ಬರ್ಕೊಂಡು ಫೋನಲ್ಲಿ ಇಟ್ಕೊಳಿ. ಅಂಗಡಿಲಿರೋ ಜಾಕೆಟಿಗೂ ಇದಕ್ಕೂ ಭುಜದಲ್ಲಿ ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇದ್ರೆ ಟ್ರೈ ಕೂಡ ಮಾಡ್ಬೇಡಿ, ಯಾಕಂದ್ರೆ ಮೈ ಮೇಲೆ ಹಾಕ್ಕೊಂಡ ತಕ್ಷಣ ಮನಸ್ಸು ಲಾಯರ್ ಕೆಲಸ ಶುರು ಮಾಡತ್ತೆ. ಲೇಬಲ್ ಮೇಲಿನ ಸೈಜ್ ನಂಬ್ಬೇಡಿ. ಯುರೋಪಿನ 50 ಅಂದ್ರೆ ಬ್ರಿಟನ್, ಅಮೆರಿಕದ 40, ಅಷ್ಟೇ ಗೊತ್ತಿದ್ರೆ ಸಾಕು, ಮಿಕ್ಕಿದ್ದು ಟೇಪ್ ಹೇಳತ್ತೆ.

ಈಗ ನಿಮ್ಮ ಹ್ಯಾರಿಸ್ ಟ್ವೀಡ್ ಲೇಬಲ್ ವಿಷಯ. ಅದರ ಮೇಲಿರೋ ಗೋಳದ ಗುರುತು ಸುಳ್ಳಲ್ಲ, ಬ್ರಿಟನ್ನಿನಲ್ಲಿ 1993ರಲ್ಲಿ ಅದಕ್ಕಂತಲೇ ಕಾಯ್ದೆ ಬಂದಿದೆ, ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲೇ ಉಣ್ಣೆಗೆ ಬಣ್ಣ ಹಾಕಿ, ನೂಲು ತೆಗೆದು, ನೇಕಾರರು ಅವರವರ ಮನೇಲೇ ಕೈಯಲ್ಲಿ ನೇಯ್ದಿರಬೇಕು. ಆದ್ರೆ ಅದು ಬಟ್ಟೆ ಬಗ್ಗೆ ಹೇಳೋ ಮಾತು. ಆ ಬಟ್ಟೆನ ಯಾರು ಹೆಂಗೆ ಹೊಲಿದ್ರು ಅಂತ ಲೇಬಲ್ ಹೇಳಲ್ಲ, ಒಳ್ಳೇ ಟ್ವೀಡಲ್ಲಿ ಹಾಳು ಜಾಕೆಟ್ ಹೊಲಿಯೋಕೆ ಏನೂ ಅಡ್ಡಿಯಿಲ್ಲ. ವುಲ್‌ಮಾರ್ಕ್ ಗುರುತೂ ಅಷ್ಟೇ, ಉಣ್ಣೆಗೆ ಸಾಕ್ಷಿ, ಹೊಲಿಗೆಗಲ್ಲ. ಅದು ಶುರುವಾಗಿದ್ದೇ 1964ರಲ್ಲಿ, ಹಾಗಾಗಿ ಆ ಗುರುತಿರೋ ಕೋಟನ್ನ ಯಾರಾದ್ರೂ "ಐವತ್ತರ ದಶಕದ್ದು" ಅಂದ್ರೆ ನಕ್ಕು ಮುಂದೆ ಹೋಗಿ. ಅಮೆರಿಕದ ಹಳೇ ಗಂಡಸರ ಕೋಟುಗಳಲ್ಲಿ ಕಾರ್ಮಿಕ ಯೂನಿಯನ್ ಲೇಬಲ್ ಇರತ್ತೆ, ಅದ್ರಲ್ಲಿ 1949 ಅಂತಲೋ 1962 ಅಂತಲೋ ಪ್ರಿಂಟ್ ಆಗಿರತ್ತೆ, ಅದು ಲೇಬಲ್ ವಿನ್ಯಾಸದ ಕಾಪಿರೈಟ್ ವರ್ಷ, ಕೋಟ್ ಹೊಲಿದ ವರ್ಷ ಅಲ್ಲ. ಮಾರೋರು ಇದನ್ನೇ ಹುಟ್ಟಿದ ದಿನಾಂಕ ಅಂತ ಹೇಳಿ ರೇಟ್ ಏರಿಸ್ತಾರೆ.

ಇನ್ನೊಂದು ಆಮಿಷ ಬೆಸ್ಪೋಕ್, ಅಂದ್ರೆ ಒಬ್ಬರ ಮೈ ಅಳತೆಗೇ ಅಂತ ಹೊಲಿದಿದ್ದು. ಒಳಜೇಬಿನೊಳಗೆ ಚಿಕ್ಕ ಚೀಟಿ ಹೊಲಿದಿರ್ತಾರೆ, ಯಾರಿಗೆ ಹೊಲಿದಿದ್ದು, ಯಾವ ತಾರೀಕು ಅಂತ. ನೋಡಿದ್ರೆ ಮೈ ಜುಮ್ ಅನ್ನತ್ತೆ, ಒಪ್ತೀನಿ. ಆದ್ರೆ ಅವರ ಬಲಭುಜ ಎಡಕ್ಕಿಂತ ಕೆಳಗಿದ್ರೆ ಟೈಲರ್ ಆ ಕಡೆ ಪ್ಯಾಡ್ ಜಾಸ್ತಿ ಇಟ್ಟಿರ್ತಾನೆ, ಬೆನ್ನು ಬಾಗಿದ್ರೆ ಬೆನ್ನಿನ ಬಟ್ಟೆ ಹಾಗೇ ಕತ್ತರಿಸಿರ್ತಾನೆ. ಹೊಲಿಗೆ ಎಷ್ಟು ಚೆನ್ನಾಗಿದ್ಯೋ ಅಷ್ಟು ಪಕ್ಕಾ ಅದು ಬೇರೆಯವರ ಮೈ. ರೆಡಿಮೇಡ್ ನಿಮಗೆ ಹೊಂದೋ ಸಾಧ್ಯತೆ ಇದಕ್ಕಿಂತ ಜಾಸ್ತಿ.

ಹೊಲಿಗೆ ಗುಣ ನೋಡೋಕೆ ಕೆಳಗಿನ ಕಾಜಾ ಹತ್ರ ಮುಂಭಾಗದ ಬಟ್ಟೆನೂ ಒಳಬದಿ ಬಟ್ಟೆನೂ ಎರಡು ಬೆರಳಲ್ಲಿ ಚಿವುಟಿ ಬೇರೆ ಮಾಡಿ ಉಜ್ಜಿ ನೋಡಿ, ನಡುವೆ ಮೂರನೇ ಪದರ ಜಾರಾಡಿದ ಹಾಗೆ ಅನ್ಸಿದ್ರೆ ಅದು ಕ್ಯಾನ್ವಾಸ್. ಅನ್ಸದೇ ಮುಂಭಾಗ ರಟ್ಟಿನ ಥರ ಇದ್ರೆ ಅಂಟಿಸಿದ್ದು. ಅಂಟಿಸಿದ್ದೆಲ್ಲ ಕೆಟ್ಟದ್ದು ಅಂತಲ್ಲ, ಆದ್ರೆ ಹಳೇದ್ರಲ್ಲಿ ಅಂಟು ಬಿಟ್ಟು ಲಪೆಲ್ (ಎದೆ ಮೇಲೆ ಮಡಚಿರೋ ಕಾಲರ್ ಪಟ್ಟಿ) ಮೇಲೆ ಗುಳ್ಳೆ ಎದ್ದಿದ್ರೆ ಅದನ್ನ ಯಾರೂ ನಿಜವಾಗಿ ಸರಿ ಮಾಡಲ್ಲ, ಕೆಳಗಿಡಿ.

ಹುಳದ ವಿಷಯದಲ್ಲಿ ಮುಲಾಜೇ ಬೇಡ. ಉಣ್ಣೆ ತಿನ್ನೋದು ಹಾರಾಡೋ ಪತಂಗ ಅಲ್ಲ, ಅದರ ಮರಿ. ಅದಕ್ಕೆ ಬೆವರು, ಕಲೆ ಹತ್ತಿರೋ ಜಾಗ ಅಂದ್ರೆ ಪ್ರಾಣ, ಹಾಗಾಗಿ ಕಾಲರ್ ಎತ್ತಿ ಅಡಿಭಾಗ, ಜೇಬಿನ ಮುಚ್ಚಳದ ಕೆಳಗೆ, ಕಂಕುಳು, ಇಲ್ಲೆಲ್ಲಾ ಫೋನಿನ ಟಾರ್ಚನ್ನ ಬಟ್ಟೆಗೆ ಓರೆಯಾಗಿ ಹಿಡ್ದು ನೋಡಿ, ಸವೆದ ಕಡೆ ನೆರಳು ಬೀಳತ್ತೆ. ಮೊಣಕೈ ತೂತಿಗೆ ಪ್ಯಾಚ್ ಹಾಕ್ಬೋದು, ಎದೆ ಮೇಲಿದ್ರೆ ಬಿಡಿ. ತಗೊಂಡ್ರೆ ಬೀರುಗೆ ಹಾಕೋಕೆ ಮುಂಚೆ ಕವರಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಮೈನಸ್ 18 ಡಿಗ್ರಿ ಇರೋ ಫ್ರೀಜರಲ್ಲಿ ಎರಡು ವಾರ ಇಡಿ, ಇಲ್ಲಾಂದ್ರೆ ಒಂದು ಜಾಕೆಟ್‌ನಿಂದ ಎಲ್ಲಾ ಉಣ್ಣೆಗೂ ಹಬ್ಬತ್ತೆ.

ಪ್ಯಾಂಟ್ ಕಳ್ಕೊಂಡ ಸೂಟಿನ ಮೇಲ್ಭಾಗಾನ ಬ್ಲೇಜರ್ ಅಂತ ಮಾರೋರೂ ಇದಾರೆ, ನುಣುಪು ಬಟ್ಟೆ, ಅದೇ ಬಣ್ಣದ ಬಟನ್ ಇದ್ರೆ ಅನುಮಾನ ಪಡಿ. ಜೀನ್ಸ್ ಜೊತೆ ಹಾಕಿದ್ರೆ ಅರ್ಧ ಡ್ರೆಸ್ ಮಾಡ್ಕೊಂಡು ಮರ್ತು ಬಂದ ಹಾಗೆ ಕಾಣತ್ತೆ.

ಮನೇಲಿ ಸುಮ್ನಿರೋ ಆ ಮೂರನ್ನೂ ಒಂದ್ಸಲ ಗೋಡೆ ಪರೀಕ್ಷೆಗೆ ನಿಲ್ಲಿಸಿ. ಭುಜ ಪಾಸಾದದ್ದನ್ನ ಈ ವಾರಾನೇ ಟೈಲರ್ ಹತ್ರ ತಗೊಂಡೋಗಿ, ಫೇಲಾದದ್ದನ್ನ ಭುಜದ ಅಳತೆ, ಎದೆಯಳತೆ, ತೂತಿದ್ರೆ ತೂತಿನ ಫೋಟೋ ಸಮೇತ ಮಾರಿಬಿಡಿ, ಸೈಜ್ ಲೇಬಲ್ ಫೋಟೋ ಮಾತ್ರ ಹಾಕಿ ಕೈ ತೊಳ್ಕೋಬೇಡಿ.