ಕೋಲಾರದ ಗಡಸು ಬೋರ್ ನೀರಿಗೆ ಮೆಕ್ಸಿಕನ್ ಲಾನ್ ಒಳ್ಳೆಯದಾ, ಬರ್ಮುಡಾ ಒಳ್ಳೆಯದಾ?

ಹುಲ್ಲಿನ ಮಾತು ಆಮೇಲೆ. ನಿಮ್ಮ ಅಂಗಳದ ನಲ್ಲಿಗೆ ನೀರು ಯಾವ ಪೈಪಿನಿಂದ ಬರುತ್ತಿದೆ, ಅದನ್ನು ಮೊದಲು ನೋಡಿ. 600 ಚದರ ಅಡಿ ಜಾಗ ಇದೆ, ಬೋರ್ ನೀರು ಗಡಸು, ಮನೆಗೆಲ್ಲಾ ಸಾಫ್ಟನರ್ (ನೀರಿನ ಗಡಸುತನ ಇಳಿಸುವ ಯಂತ್ರ) ಹಾಕಿಸಿದ್ದೀವಿ ಅಂತ ಬರೆದಿದ್ದೀರಿ. ಆ ಕೊನೇ ಮಾತು ಓದಿ ಎದೆ ಧಸಕ್ ಅಂತು. ನಾನೂ ಕೋಲಾರದವನೇ, ಟಮಕದ ಕಡೆ ಮನೆ, ಹೆಚ್ಚುಕಮ್ಮಿ ನಿಮ್ಮಷ್ಟೇ ಜಾಗ, ಅದೇ ಸಾಫ್ಟನರ್.

ಮನೆ ಕಟ್ಟಿ ಮುಗಿದಾಗ ಮುಂದೆ ಉಳಿದಿದ್ದು ಮಣ್ಣಲ್ಲ. ಜಲ್ಲಿ, ಸಿಮೆಂಟ್ ಗಟ್ಟಿ, ಟೈಲ್ಸ್ ಚೂರು. ಅದನ್ನು ತೆಗೆಸದೆ ಮೇಲೆ ಟ್ರ್ಯಾಕ್ಟರ್‌ನಲ್ಲಿ ಕೆಮ್ಮಣ್ಣು ಹೊಡೆಸಿ, ಕೊಟ್ಟಿಗೆ ಗೊಬ್ಬರ ಕಲಸಿ, ಮೆಕ್ಸಿಕನ್ ಹುಲ್ಲಿನ ಕಾರ್ಪೆಟ್ ಹಾಸಿಸಿದೆ. ಅಂಚಿಗೆ ಗುಲಾಬಿ, ಮೂಲೆಗೆ ನಿಂಬೆ, ಅಮ್ಮನ ಹಟಕ್ಕೆ ಒಂದು ಪಾತಿ ಕನಕಾಂಬರ. ಮೊದಮೊದಲು ನೇರ ಬೋರ್ ನೀರನ್ನೇ ಪೈಪಿನಲ್ಲಿ ಬಿಡುತ್ತಿದ್ದೆವು. ಎಲೆ ಮೇಲೆಲ್ಲಾ ಬಿಳಿ ಪುಡಿ ಕೂರುತ್ತಿತ್ತು. ಕನಕಾಂಬರದ ಹೊಸ ಎಲೆ ಹಳದಿ ಆಗಿ ನರ ಮಾತ್ರ ಹಸಿರಾಗಿ ಉಳಿಯುತ್ತಿತ್ತು. ಅದು ಕಬ್ಬಿಣದ ಕೊರತೆ. ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್‌ನಿಂದ ಮಣ್ಣು ಕ್ಷಾರ ಆಗುತ್ತದೆ, ಆಗ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಅದಕ್ಕೆ ಸಣ್ಣ ಮದ್ದುಗಳಿವೆ. ನಾನು ಕೇಳಲು ಹೋಗಲಿಲ್ಲ. ಗಡಸು ನೀರು ಗೀಸರ್ ಹಾಳು ಮಾಡುತ್ತೆ, ಕೂದಲು ಉದುರಿಸುತ್ತೆ ಅಂತಾರೆ, ಗಿಡಕ್ಕೂ ವಿಷವೇ ಇರಬೇಕು ಅಂದುಕೊಂಡೆ.

ಅಷ್ಟರಲ್ಲಿ ಸಾಫ್ಟನರ್ ಬಂತು. ಪ್ಲಂಬರ್ ಸ್ಪಷ್ಟವಾಗಿ ಕೇಳಿದ, 'ಸಾರ್, ತೋಟದ ನಲ್ಲಿಗೆ ಬೇರೆ ಲೈನ್ ಬಿಡಲಾ?' ಬೇಡ ಅಂದೆ. ಗಿಡಕ್ಕೂ ಒಳ್ಳೆ ನೀರೇ ಹೋಗಲಿ ಅಂದೆ. ಅವನು ಇನ್ನೊಂದು ಸಲ ಕೇಳಿದ್ದರೆ ಬೈದೇ ಬಿಡುತ್ತಿದ್ದೆನೇನೋ. ಆಗ ಒಂದಿಷ್ಟು ಪೈಪು, ಒಂದು ವಾಲ್ವ್‌ನಲ್ಲಿ ಮುಗಿಯುವ ಕೆಲಸ ಅದು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಸಾಫ್ಟನರ್ ಮಾರುವವರು ನನಗೆ ಹೇಳಲಿಲ್ಲ, ಹುಲ್ಲು ಹಾಸುವವರೂ ಕೇಳಲಿಲ್ಲ. ಸಾಫ್ಟನರ್ ನೀರಿನಲ್ಲಿರುವ ಉಪ್ಪಿನಂಶ ತೆಗೆಯುವುದಿಲ್ಲ, ಅದಲುಬದಲು ಮಾಡುತ್ತದೆ ಅಷ್ಟೆ. ಅದರೊಳಗಿನ ರೆಸಿನ್ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಆ ಸೋಡಿಯಂ ತುಂಬಿಸೋಕೇ ತಾನೇ ನಾವು ಅದಕ್ಕೆ ಮೂಟೆಗಟ್ಟಲೆ ಉಪ್ಪು ಸುರಿಯೋದು! ಗಡಸುತನ ಲೀಟರಿಗೆ 100 ಮಿಲಿಗ್ರಾಂ ಇಳಿದರೆ ಸುಮಾರು 46 ಮಿಲಿಗ್ರಾಂ ಸೋಡಿಯಂ ನೀರಿಗೆ ಸೇರುತ್ತದೆ. ನಮ್ಮ ಬೋರಿನ ಗಡಸುತನ ಲೀಟರಿಗೆ 800 ಮಿಲಿಗ್ರಾಂ ಹತ್ತಿರ. (ಕುಡಿಯುವ ನೀರಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಸಂಸ್ಥೆ, ಹೇಳುವುದು 200, ಬೇರೆ ನೀರೇ ಸಿಗದಿದ್ದರೆ 600ರವರೆಗೆ.) ಈಗ ಲಾನ್ ಲೆಕ್ಕ ಹಾಕಿ. 600 ಚದರ ಅಡಿ ಅಂದರೆ ಸುಮಾರು 56 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಬೇಕು ಅಂದರೂ 280 ಲೀಟರ್. ಅಷ್ಟು ನೀರಿನ ಜೊತೆ ಹೋಗುವ ಸೋಡಿಯಂ 100 ಗ್ರಾಂ ದಾಟುತ್ತದೆ. ಅಷ್ಟು ಸೋಡಿಯಂ ಕಾಲು ಕಿಲೋ ಅಡುಗೆ ಉಪ್ಪಿನಲ್ಲಿರುತ್ತದೆ. ದಿನಾ ಕಾಲು ಕಿಲೋ, ಅದೂ ನಾನೇ ಬೆಳಗ್ಗೆ ಎದ್ದು ಪ್ರೀತಿಯಿಂದ ಹಾಕಿದ್ದು.

ಮೋಸ ಏನಂದರೆ, ಶುರುವಿನಲ್ಲಿ ಎಲ್ಲಾ ಚೆನ್ನಾಗೇ ಕಾಣುತ್ತದೆ. ಬಿಳಿ ಪುಡಿ ಹೋಯಿತು, ಎಲೆ ಫಳಫಳ. ಬಂದವರಿಗೆಲ್ಲಾ ಸಾಫ್ಟನರ್ ಮಹಿಮೆ ಹೇಳಿದ್ದೇ ಹೇಳಿದ್ದು. ಆಮೇಲೆ ಗುಲಾಬಿ ಎಲೆಯ ಅಂಚು ಸುಟ್ಟಂತೆ ಕಂದಾಯಿತು, ನಿಂಬೆ ಎಲೆ ಉದುರಿಸತೊಡಗಿತು. ಹಾಕಿದ ನೀರು ಕೆಳಗೆ ಇಳಿಯುವುದು ನಿಂತಿತು. ಮಣ್ಣು ಸಗಣಿ ಸಾರಿಸಿದ ಅಂಗಳದ ಹಾಗೆ ನುಣ್ಣಗೆ ಗಟ್ಟಿಯಾಯಿತು. ಅದೂ ಸೋಡಿಯಂ ಕೆಲಸವೇ. ಕ್ಯಾಲ್ಸಿಯಂ ಇದ್ದರೆ ಜೇಡಿಯ ಕಣಗಳು ಗುಂಪುಗುಂಪಾಗಿ ಇರುತ್ತವೆ, ನಡುವೆ ನೀರು, ಗಾಳಿಗೆ ಸಂದು ಇರುತ್ತದೆ. ಸೋಡಿಯಂ ಜಾಸ್ತಿ ಆದರೆ ಗುಂಪು ಒಡೆದು ಸಂದು ಮುಚ್ಚಿಕೊಳ್ಳುತ್ತದೆ. ಕೆಳಗೆ ಬೇರೆ ಆ ಸಿಮೆಂಟ್ ಗಟ್ಟಿ. ಹುಲ್ಲಿನ ಬೇರು ಮೇಲಿನ ಎರಡು ಬೆರಳು ಮಣ್ಣಿನಲ್ಲೇ ಉಳಿದು, ಒಂದು ದಿನ ನೀರು ತಪ್ಪಿದರೆ ಒಣಗುತ್ತಿತ್ತು. ಒಣಗಿತು ಅಂತ ನಾನು ಇನ್ನೂ ಜಾಸ್ತಿ ನೀರು ಬಿಟ್ಟೆ. ಯೂರಿಯಾ ಹಾಕಿದೆ. ಗೆದ್ದಲು ಇರಬೇಕು ಅಂತ ಔಷಧಿಯನ್ನೂ ಹೊಡೆಸಿದೆ.

ಹಿಡಿದುಕೊಟ್ಟಿದ್ದು ನಮ್ಮ ಭಾವ. ಶ್ರೀನಿವಾಸಪುರದ ಕಡೆ ಮಾವಿನ ತೋಟ ಇಟ್ಟವರು. ಹಬ್ಬಕ್ಕೆ ಬಂದವರು ಅಂಗಳದ ನಲ್ಲಿಯಲ್ಲಿ ಕೈ ತೊಳೆದರು, ಮತ್ತೆ ತೊಳೆದರು. 'ಏನಪ್ಪ ಇದು, ಸೋಪು ಹೋಗ್ತಾನೇ ಇಲ್ಲ, ನೀರೇ ಜಾರುತ್ತಲ್ಲ. ಇದೇ ನೀರಾ ಗಿಡಕ್ಕೂ?' ಅಂದರು. ಹೌದು, ಒಳ್ಳೆ ನೀರು ಭಾವ ಅಂದೆ. ಅವರು ಏನೂ ಹೇಳದೆ ಹಾರೆ ತೆಗೆದುಕೊಂಡು ಒಂದು ಏಟು ಹಾಕಿ ಮಣ್ಣು ತೋರಿಸಿದರು. ಆ ಹುಲ್ಲಿನ ದುಡ್ಡು, ಮಣ್ಣಿನ ದುಡ್ಡು, ಕೂಲಿ ಎಲ್ಲಾ ಸೇರಿಸಿದರೆ ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತಿತ್ತು. ಹೆಂಡತಿ ಈಗಲೂ ಲೆಕ್ಕ ಒಪ್ಪಿಸುತ್ತಾಳೆ.

ಸರಿ ಮಾಡೋಕೆ ಹುಲ್ಲು ಕಿತ್ತು, ಗಟ್ಟಿ ಪದರ ಒಡೆದು, ಕಟ್ಟಡದ ಕಸ ಹೊರಗೆ ಹಾಕಿಸಿ, ಜಿಪ್ಸಂ ಕಲಸಬೇಕಾಯಿತು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಜಾಗಕ್ಕೆ ಬಂದು ಕೂರುತ್ತದೆ. ಆದರೆ ಬಿಡಿಸಿಕೊಂಡ ಸೋಡಿಯಂ ನೀರಿನ ಜೊತೆ ಕೆಳಗೆ ಇಳಿದು ಹೋಗಬೇಕು, ದಾರಿ ಇಲ್ಲದಿದ್ದರೆ ಜಿಪ್ಸಂ ಸುರಿದು ಉಪಯೋಗವಿಲ್ಲ. ಎಷ್ಟು ಹಾಕಬೇಕು ಅನ್ನುವುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ಕೇಳಿ, ಅಂದಾಜಿಗೆ ಹಾಕಬೇಡಿ. ನನಗೆ ನಿಜವಾಗಿ ಉಪಕಾರ ಮಾಡಿದ್ದು ಸೆಪ್ಟೆಂಬರ್, ಅಕ್ಟೋಬರ್ ಮಳೆ.

ಈಗ ನಿಮ್ಮ ಪ್ರಶ್ನೆ. ಬರ್ಮುಡಾ ಅಂದರೆ ನಾವು ಗಣೇಶನಿಗೆ ಏರಿಸುವ ಗರಿಕೆಯ ಜಾತಿಯೇ. ಬಿಸಿಲು, ಉಪ್ಪು ತಡೆಯುತ್ತದೆ, ಬೇಗ ಬೇಗ ಕತ್ತರಿಸುತ್ತಿರಬೇಕು. ಮೆಕ್ಸಿಕನ್ ನಿಧಾನಕ್ಕೆ ಬೆಳೆಯುತ್ತದೆ, ದುಡ್ಡು ಜಾಸ್ತಿ. ಎರಡರಲ್ಲಿ ಒಂದು ಹೇಳಿ ಅಂದರೆ ಬರ್ಮುಡಾ. ಆದರೆ ನನ್ನ ಕೇಳಿದರೆ ಎರಡೂ ಬೇಡ. ನಮ್ಮಲ್ಲಿ ವರ್ಷಕ್ಕೆ ಬೀಳೋದೇ ಸುಮಾರು 700 ಮಿಲಿಮೀಟರ್ ಮಳೆ, ವರ್ಷಪೂರ್ತಿ ಹರಿಯುವ ನದಿ ಇಲ್ಲ. ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಲೆಕ್ಕ ಇಡುತ್ತಾರೆ. ನಿಮ್ಮ ಲಾನ್ ಒಂದೇ ಇಬ್ಬರ ಪಾಲು ಕುಡಿಯುತ್ತದೆ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು, ನಮ್ಮ ಕೆರೆಗಳಿಗೆ ಬರುತ್ತಿದೆ, ಬೋರ್‌ಗಳಲ್ಲಿ ನೀರಿದೆ, ಇನ್ನೇನು ಯೋಚನೆ ಅನ್ನುವವರು ನಮ್ಮ ಬೀದಿಯಲ್ಲೂ ಇದ್ದಾರೆ. ನೀರಿದೆ ಅಂತ ಹುಲ್ಲಿಗೆ ಸುರಿಯಬೇಕಾ? ಒಂದು ಕಾಲದಲ್ಲಿ ಟ್ಯಾಂಕರ್ ಹಿಂದೆ ಓಡಿದ್ದು ಇಷ್ಟು ಬೇಗ ಮರೆತುಹೋಯಿತಾ?

ನಮ್ಮಲ್ಲಿ ಈಗ ನುಗ್ಗೆ, ಕರಿಬೇವು, ಸೀತಾಫಲ, ಎರಡು ದಾಸವಾಳ ಇವೆ. ಚಳಿಗಾಲಕ್ಕೆ ಬೇಲಿಗೆ ಅವರೆ ಹಬ್ಬಿಸುತ್ತೇವೆ. ನಡುವೆ ಓಡಾಡಲು ಕಲ್ಲು ಚಪ್ಪಡಿ, ಗಿಡದ ಬುಡಕ್ಕೆಲ್ಲಾ ಒಣ ಎಲೆಯ ಹೊದಿಕೆ. ಎಲ್ಲದಕ್ಕೂ ನೇರ ಬೋರ್ ನೀರೇ. ಎಲೆ ಮೇಲೆ ಹೊಡೆಯುವುದಿಲ್ಲ, ಬುಡಕ್ಕೆ ಬಿಡುತ್ತೇವೆ. ಬಿಳಿ ಪುಡಿಯ ಗೊಡವೆಯೇ ಇಲ್ಲ. ಕನಕಾಂಬರ ಕುಂಡಕ್ಕೆ ಹೋಯಿತು, ಅದಕ್ಕೆ ಮಳೆ ನೀರು. 1000 ಚದರ ಅಡಿ ತಾರಸಿ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ, ಅಲ್ಪಸ್ವಲ್ಪ ಪೋಲಾದರೂ 2000 ಲೀಟರ್ ಹತ್ತಿರ ಸಿಗುತ್ತದೆ. ಡ್ರಮ್ಮು ಇಟ್ಟುಕೊಳ್ಳಿ. ಕುಡಿಯುವ ನೀರಿನ ಆರ್‌ಒ ಫಿಲ್ಟರ್‌ನಿಂದ ಆಚೆ ಬರುವ ನೀರು ಸುಮ್ನೆ ಪೋಲಾಗುತ್ತೆ ಅಂತ ಅದನ್ನೇ ಕುಂಡಕ್ಕೆ ಹಾಕಬೇಡಿ, ಅದರಲ್ಲಿ ಉಪ್ಪಿನಂಶ ಬೋರ್ ನೀರಿಗಿಂತ ಜಾಸ್ತಿ ಇರುತ್ತದೆ.

ಇಷ್ಟಾದರೂ ಲಾನ್ ಬೇಕೇ ಬೇಕು ಅಂದರೆ ಮಕ್ಕಳು ಕೂತು ಆಡುವಷ್ಟು, ಹತ್ತು ಅಡಿಗೆ ಹತ್ತು ಅಡಿ ಹಾಕಿಸಿ. ಅದಕ್ಕೂ ಮುಂಚೆ ಪ್ಲಂಬರ್ ಕರೆಸಿ ನೀರು ಸಾಫ್ಟನರ್‌ಗೆ ಹೋಗುವ ಮುಂಚೆಯೇ ಅಂಗಳದ ನಲ್ಲಿಗೆ ಬೇರೆ ಲೈನ್ ತೆಗೆಸಿ. ಅವನು ಇವತ್ತು ನಾಳೆ ಅಂತ ಸತಾಯಿಸಿದರೆ, ಸಾಫ್ಟನರ್ ಪಕ್ಕ ಬೈಪಾಸ್ ವಾಲ್ವ್ (ಸಾಫ್ಟನರ್ ಒಳಗೆ ಹೋಗದೆ ನೀರು ನೇರ ಹೋಗುವಂತೆ ಮಾಡುವ ವಾಲ್ವ್) ಇದೆಯಾ ನೋಡಿ. ಸಾಮಾನ್ಯವಾಗಿ ಇರುತ್ತದೆ. ಗಿಡಕ್ಕೆ ನೀರು ಬಿಡುವಾಗ ಅದನ್ನು ತಿರುಗಿಸಿ, ಪೈಪಿನಲ್ಲಿ ನಿಂತ ನೀರು ಹೋಗಲಿ ಅಂತ ಮೊದಲ ಒಂದೆರಡು ಬಕೆಟ್ ನೆಲ ತೊಳೆಯಲು ಹಿಡಿದುಕೊಳ್ಳಿ. ಆಮೇಲೆ ವಾಲ್ವ್ ವಾಪಸ್ ತಿರುಗಿಸೋದು ಮರೆಯಬೇಡಿ, ಇಲ್ಲಾಂದ್ರೆ ಸ್ನಾನಕ್ಕೆ ಹೋದವರು ಅಲ್ಲಿಂದಲೇ ಕೂಗುತ್ತಾರೆ.