ಗುಳ್ಳೆ ಅಂದರೆ ಯಾವ ಗುಳ್ಳೆ?

ನಮಸ್ಕಾರ. ಚರ್ಮದ ಕಾಯಿಲೆಗಳ ಹೆಸರುಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಪುಟದಲ್ಲೇ 40 ಪದಗಳ ಪಟ್ಟಿ. ಮ್ಯಾಕ್ಯೂಲ್, ಪ್ಯಾಪ್ಯೂಲ್, ವೆಸಿಕಲ್, ಪಸ್ಚ್ಯೂಲ್. ನಾಲ್ಕರ ಎದುರಿಗೂ 'ಗುಳ್ಳೆ' ಅಂತ ಬರೆದಿದ್ದೀರಿ. ಹಾಗಾದರೆ ನಾಲ್ಕು ಹೆಸರು ಯಾಕೆ ಬೇಕಿತ್ತು? ಮ್ಯಾಕ್ಯೂಲ್ ಗುಳ್ಳೆಯೇ ಅಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಅದು ಇದೆ ಅಂತಲೇ ಗೊತ್ತಾಗದು, ಬಣ್ಣ ಮಾತ್ರ ಬೇರೆ. ಪ್ಯಾಪ್ಯೂಲ್ ಬೆರಳಿಗೆ ತಾಗುತ್ತದೆ, ಗಟ್ಟಿಯಾಗಿರುತ್ತದೆ, ಒಂದು ಸೆಂಟಿಮೀಟರ್‌ಗಿಂತ ಚಿಕ್ಕದು. ವೆಸಿಕಲ್ ಒಳಗೆ ತಿಳಿನೀರು, ಪಸ್ಚ್ಯೂಲ್ ಒಳಗೆ ಕೀವು. ನೀರುಗುಳ್ಳೆ, ಕೀವುಗುಳ್ಳೆ ಅಂದರೆ ಮುಗಿಯಿತು, ಅಲ್ವಾ?

ನನ್ನ ಪೆನ್ನು ನಿಂತದ್ದು ಮೂರನೇ ಪುಟದಲ್ಲಿ. ತೊನ್ನಿಗೆ 'ಶ್ವೇತಕುಷ್ಠ' ಅಂತ ಹಾಕಿದ್ದೀರಿ. ಹಳೆಯ ಪದ, ಗೊತ್ತು. ಆದರೆ ತೊನ್ನಿಗೂ ಕುಷ್ಠಕ್ಕೂ ಸಂಬಂಧವೇ ಇಲ್ಲ. ತೊನ್ನಿನಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗಿರುತ್ತವೆ. ಅದು ಯಾರಿಗೂ ಅಂಟುವುದಿಲ್ಲ. ಕುಷ್ಠ ಬ್ಯಾಕ್ಟೀರಿಯಾದಿಂದ ಬರುತ್ತದೆ. ಅಲ್ಲಿ ಮಚ್ಚೆ ಹಾಲಿನಷ್ಟು ಬೆಳ್ಳಗಿರುವುದಿಲ್ಲ, ತಿಳಿಬಿಳಿ ಇಲ್ಲವೇ ತಾಮ್ರದ ಬಣ್ಣ. ಆ ಜಾಗ ಜೋಮು ಹಿಡಿದಿರುತ್ತದೆ. ಕುಷ್ಠ ಔಷಧದಿಂದ ಗುಣವಾಗುವ ಕಾಯಿಲೆಯೇ, ಆ ಮಾತು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ತೊನ್ನು ಇರುವವರ ಪಕ್ಕದಿಂದ ಜನ ಎದ್ದು ಹೋಗಲು 'ಕುಷ್ಠ' ಅನ್ನುವ ಒಂದು ಪದ ಸಾಕು. ಅದನ್ನು ನಾನಂತೂ ಅಚ್ಚಿಗೆ ಕಳಿಸಲಾರೆ.

ರಿಂಗ್‌ವರ್ಮ್‌ಗೆ 'ಉಂಗುರಹುಳದ ರೋಗ' ಅಂದಿದ್ದೀರಿ. ಅಲ್ಲಿ ಹುಳವೇ ಇಲ್ಲ, ಇರುವುದು ಶಿಲೀಂಧ್ರ. ಸುಮ್ನೆ ಗಜಕರ್ಣ ಅನ್ನಬಹುದಿತ್ತು. (ಅದಕ್ಕೆ ನಮ್ಮಲ್ಲಿರುವ 'ಹುಳುಕಡ್ಡಿ' ಅನ್ನುವ ಹೆಸರೂ ಇದೇ ತಪ್ಪು ಮಾಡಿದೆ. ನಿಮ್ಮೊಬ್ಬರನ್ನೇ ಬೈಯುವ ಹಾಗಿಲ್ಲ.) ಕಜ್ಜಿ, ಇಸುಬು (ಎಕ್ಸಿಮಾ) ಎರಡನ್ನೂ ಒಂದೇ ಸಾಲಿಗೆ ಕಟ್ಟಿದ್ದೀರಿ. ಕಜ್ಜಿ ಚರ್ಮ ಕೊರೆಯುವ ನುಸಿಯಿಂದ ಬರುತ್ತದೆ, ರಾತ್ರಿ ತುರಿಕೆ ಜಾಸ್ತಿ, ಮನೆಯವರಿಗೆಲ್ಲ ಹರಡುತ್ತದೆ. ಇಸುಬು ಹರಡುವುದಿಲ್ಲ. ಬಿಡಿಸಿ ಬರೆಯಿರಿ.

ಒಂದು ಸಾಲು ಮಾತ್ರ ತುಂಬಾ ಹಿಡಿಸಿತು: 'ಬೆಳಿಗ್ಗೆ ತೋಳಿನಲ್ಲಿದ್ದ ದದ್ದು ಮಧ್ಯಾಹ್ನಕ್ಕೆ ಬೆನ್ನಿಗೆ ಹೋಗಿತ್ತು.' ಪಿತ್ತಗಂಧೆಯ ಲಕ್ಷಣವೇ ಅದು. ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತಿಲ್ಲದೆ ಮಾಯವಾಗುತ್ತದೆ, ಇನ್ನೊಂದು ಕಡೆ ಏಳುತ್ತದೆ. ಇದನ್ನು ನೀವು ನೋಡಿ ಬರೆದಿದ್ದೀರಿ. ಉಳಿದದ್ದನ್ನು ನಿಘಂಟು ನೋಡಿ ಬರೆದಿದ್ದೀರಿ.

ಈ ಸಾಲಿನಿಂದಲೇ ಶುರು ಮಾಡಿ. 40 ಪದ ಬೇಡ, ಎಂಟು ಸಾಕು. ಬರೆದದ್ದನ್ನು ಒಬ್ಬ ಚರ್ಮವೈದ್ಯರಿಗೆ ತೋರಿಸಿ, ಆಮೇಲೆ ನನಗೆ ಕಳಿಸಿ.