ವಿಎಆರ್, ಅಂದ್ರೆ ರೆಫರಿ ತೀರ್ಪನ್ನ ವಿಡಿಯೋದಲ್ಲಿ ಮತ್ತೆ ನೋಡೋ ಪದ್ಧತಿ ಬಂದ್ಮೇಲೆ ಫುಟ್‌ಬಾಲ್ ನೋಡೋ ಮಜಾನೇ ಹೋಯ್ತು ಅಂತಾರಲ್ಲ, ನಿಮಗೂ ಹಾಗೇ ಅನ್ಸುತ್ತಾ?

ಪೂರ್ತಿ ಹೋಯ್ತು ಅಂತ ನಾನು ಹೇಳಲ್ಲ. ಆದ್ರೆ ಟೆಕ್ನಾಲಜಿ ಅಂದ ತಕ್ಷಣ ಎಲ್ಲಾನೂ ಒಂದೇ ಮೂಟೆ ಕಟ್ಟಿ ಬೈಯೋದೂ ಸರಿ ಅಲ್ಲ. ಬಾಲು ಗೋಲ್ ಗೆರೆ ದಾಟ್ತೋ ಇಲ್ವೋ ಅಂತ ನೋಡೋ ಮಿಷಿನ್ ಬೇರೆ, ವಿಎಆರ್ ರೂಮಲ್ಲಿ ಕೂತ್ಕೊಂಡು ಹ್ಯಾಂಡ್‌ಬಾಲ್‌ನ ಸ್ಲೋ ಮೋಷನ್‌ನಲ್ಲಿ ಹಿಂದೆ ಮುಂದೆ ಓಡಿಸಿ ಓಡಿಸಿ ನೋಡೋರು ಬೇರೆ.

ಗೋಲ್‌ಲೈನ್ ಟೆಕ್ನಾಲಜಿ ಬಗ್ಗೆ ನನ್ನದೇನೂ ತಕರಾರಿಲ್ಲ. 2010ರ ವರ್ಲ್ಡ್ ಕಪ್ ನೋಡಿದೋರಿಗೆ ಯಾಕೆ ಅಂತ ಗೊತ್ತಿರುತ್ತೆ, ಬ್ಲೂಮ್‌ಫಾಂಟೇನ್‌ನಲ್ಲಿ ಇಂಗ್ಲೆಂಡ್ ಜರ್ಮನಿ ಮ್ಯಾಚು, ಜರ್ಮನಿ 2-1 ಮುಂದಿತ್ತು, ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಬಾಲು ಕ್ರಾಸ್‌ಬಾರ್‌ಗೆ ಬಡಿದು ಗೆರೆಯಿಂದ ಎಷ್ಟು ಒಳಗೆ ಬಿತ್ತು ಅಂದ್ರೆ ಟೀವಿ ಮುಂದೆ ಕೂತಿದ್ದ ಆಟ ಗೊತ್ತಿಲ್ಲದೋರಿಗೂ ಕಾಣಿಸ್ತು, ರೆಫರಿಗೂ ಲೈನ್ಸ್‌ಮನ್‌ಗೂ ಮಾತ್ರ ಕಾಣಿಸ್ಲಿಲ್ಲ. ಗೋಲ್‌ಕೀಪರ್ ನೋಯರ್ ಏನೂ ಆಗೇ ಇಲ್ಲ ಅನ್ನೋ ಥರ ಬಾಲ್ ಹಿಡ್ಕೊಂಡು ಆಟ ಮುಂದುವರಿಸಿಬಿಟ್ಟ. ಕೊನೆಗೆ 4-1ರಲ್ಲಿ ಇಂಗ್ಲೆಂಡ್ ಸೋತಿತು, ಆ ಗೋಲ್ ಕೊಟ್ಟಿದ್ರೂ ಸೋಲ್ತಿತ್ತೇನೋ, ಅದು ಬೇರೆ ಮಾತು. 2014ರ ಬ್ರೆಜಿಲ್ ವರ್ಲ್ಡ್ ಕಪ್‌ಗೆ ಗೋಲ್‌ಲೈನ್ ಟೆಕ್ನಾಲಜಿ ಬಂತು, ಬಾಲು ಗೆರೆ ದಾಟಿದ್ರೆ ಒಂದು ಸೆಕೆಂಡ್ ಒಳಗೆ ರೆಫರಿ ವಾಚು ಅಲುಗಾಡುತ್ತೆ, ಮುಗೀತು. ಆಟ ನಿಲ್ಲಲ್ಲ, ಚರ್ಚೆ ಇಲ್ಲ.

ವಿಎಆರ್ ವರ್ಲ್ಡ್ ಕಪ್‌ಗೆ ಬಂದಿದ್ದು 2018ರಲ್ಲಿ, ರಷ್ಯಾದಲ್ಲಿ. ಮೊದಲು ಹೇಳಿದ್ದು ಏನು? ಗೋಲು, ಪೆನಾಲ್ಟಿ, ನೇರ ರೆಡ್ ಕಾರ್ಡ್, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡ್ ಕೊಟ್ಟಿದ್ದು, ಈ ನಾಲ್ಕರಲ್ಲಿ ಎದ್ದು ಕಾಣೋ ತಪ್ಪಾದ್ರೆ ಮಾತ್ರ ಕೈ ಹಾಕ್ತೀವಿ ಅಂತ. ಕೇಳೋಕೆ ಚೆನ್ನಾಗೇ ಇತ್ತು. ಅದೇ ವರ್ಲ್ಡ್ ಕಪ್ ಫೈನಲ್‌ನಲ್ಲಿ ಕ್ರೊಯೇಷಿಯಾದ ಪೆರಿಸಿಚ್ ಕೈಗೆ ಬಾಲ್ ತಾಗಿದ್ದನ್ನ ರೆಫರಿ ಮಾನಿಟರ್ ಹತ್ರ ಹೋಗಿ ನೋಡಿದ, ವಾಪಸ್ ಬರೋಕೆ ಹೊರಟ, ಮತ್ತೆ ಹೋಗಿ ನೋಡಿದ, ಆಮೇಲೆ ಫ್ರಾನ್ಸ್‌ಗೆ ಪೆನಾಲ್ಟಿ ಕೊಟ್ಟ. ಎದ್ದು ಕಾಣೋ ತಪ್ಪಾಗಿದ್ರೆ ಎರಡು ಸಲ ಯಾಕಪ್ಪಾ ನೋಡ್ಬೇಕು? ನನ್ನ ತಲೆನೋವು ಶುರುವಾಗಿದ್ದೇ ಅಲ್ಲಿಂದ.

ಆಫ್‌ಸೈಡ್, ಅಂದ್ರೆ ಬಾಲ್ ಪಾಸ್ ಆಗೋ ಹೊತ್ತಿಗೆ ಎದುರಾಳಿಗಳನ್ನ ದಾಟಿ ಗೋಲಿನ ಹತ್ರ ಇರೋದು, ಆ ವಿಷಯಕ್ಕೆ ಬಂದ್ರೆ ಸ್ವಲ್ಪ ಗೊಂದಲ ಇದೆ, ಯಾಕಂದ್ರೆ ಮಿಷಿನ್ ಹೇಳೋದು ಬಹುತೇಕ ಸರಿಯಾಗೇ ಇರುತ್ತೆ. 2022ರ ಕತಾರ್ ವರ್ಲ್ಡ್ ಕಪ್‌ನ ಮೊದಲ ಮ್ಯಾಚೇ ತಗೊಳ್ಳಿ. ಮೂರನೇ ನಿಮಿಷಕ್ಕೆ ಈಕ್ವೆಡಾರ್‌ನ ಎನ್ನರ್ ವಲೆನ್ಸಿಯಾ ಹೆಡ್ ಮಾಡಿ ಗೋಲ್ ಹಾಕ್ದ, ವಿಎಆರ್ ಅದನ್ನ ಆಫ್‌ಸೈಡ್ ಅಂತ ತೆಗೆದುಹಾಕ್ತು. ಆತಿಥೇಯ ದೇಶದ ಮ್ಯಾಚು ಬೇರೆ, ವಾಟ್ಸಾಪ್ ಗ್ರೂಪ್‌ಗಳಲ್ಲಿ ಎಲ್ಲರೂ ದುಡ್ಡು ಕೊಟ್ಟು ತೆಗೆಸಿದ್ದಾರೆ ಅಂತ ಶುರು ಹಚ್ಕೊಂಡ್ರು. ಆದ್ರೆ ಆ ತೀರ್ಪು ಸರಿಯಾಗಿತ್ತು. ಕತಾರ್ ಗೋಲ್‌ಕೀಪರ್ ಬಾಲ್ ಹಿಡಿಯೋಕೆ ಅಂತ ಮುಂದೆ ಬಂದುಬಿಟ್ಟಿದ್ದ, ರೂಲ್ಸ್ ಪ್ರಕಾರ ಲೆಕ್ಕ ಹಾಕೋದು ಕೊನೆಯಿಂದ ಎರಡನೇ ಎದುರಾಳಿಯನ್ನ, ಕೀಪರ್ ಆದ್ರೂ ಸರಿ ಡಿಫೆಂಡರ್ ಆದ್ರೂ ಸರಿ, ಗೋಲಿನ ಹತ್ರ ಒಬ್ಬನೇ ಡಿಫೆಂಡರ್ ಉಳಿದಿದ್ದ, ಈಕ್ವೆಡಾರ್ ಆಟಗಾರನ ಕಾಲು ಆ ಎರಡನೆಯವನಿಗಿಂತ ಮುಂದಿತ್ತು. ನಮ್ಮ ಕಣ್ಣಿಗೆ ಅದು ಹೊಳೆಯೋದೇ ಇಲ್ಲ, ನಾವು ಯಾವಾಗ್ಲೂ ಕೀಪರ್‌ನ ಲೆಕ್ಕದಿಂದ ಬಿಟ್ಟು ಕೊನೇ ಡಿಫೆಂಡರ್‌ನ ನೋಡ್ತೀವಿ. ಆ ವರ್ಲ್ಡ್ ಕಪ್‌ನಲ್ಲಿ ಆಫ್‌ಸೈಡ್ ಹಿಡಿಯೋಕೆ ಅಂತ ಸ್ಟೇಡಿಯಂ ಚಾವಣಿ ಕೆಳಗೆ 12 ಕ್ಯಾಮೆರಾ, ಒಬ್ಬೊಬ್ಬ ಆಟಗಾರನ ಮೈಮೇಲೆ 29 ಪಾಯಿಂಟ್, ಸೆಕೆಂಡಿಗೆ 50 ಸಲ ಅಳತೆ, ಬಾಲ್ ಒಳಗಿನ ಸೆನ್ಸರ್ ಸೆಕೆಂಡಿಗೆ 500 ಸಲ ಡೇಟಾ ಕಳಿಸ್ತಿತ್ತು. ಇಷ್ಟೆಲ್ಲ ಆದ್ಮೇಲೆ ವಲೆನ್ಸಿಯಾ ಇನ್ನೆರಡು ಗೋಲ್ ಹಾಕಿ 2-0 ಗೆಲ್ಲಿಸ್ದ, ದುಡ್ಡಿನ ಕಥೆ ಕಟ್ಟಿದೋರೆಲ್ಲ ಗಪ್‌ಚಿಪ್.

ಇನ್ನು 2024ರ ಯೂರೋ, ಅಂದ್ರೆ ಯುರೋಪ್ ದೇಶಗಳ ಕಪ್, ಡಾರ್ಟ್ಮಂಡ್‌ನಲ್ಲಿ ಜರ್ಮನಿ ಡೆನ್ಮಾರ್ಕ್. ಡೆನ್ಮಾರ್ಕ್‌ನ ಆಂಡರ್ಸನ್ ಗೋಲ್ ಹಾಕ್ದ, ಟೀಮ್‌ಮೇಟ್ ಒಬ್ಬನ ಕಾಲ್ಬೆರಳು ಆಫ್‌ಸೈಡ್ ಅಂತ ಅದು ಹೋಯ್ತು, ಸ್ವಲ್ಪ ಹೊತ್ತಿಗೇ ಆ ಕಡೆ ಅದೇ ಆಂಡರ್ಸನ್ ಕೈಗೆ ಬಾಲ್ ಸವರಿಕೊಂಡು ಹೋಗಿದ್ದು ಸೆನ್ಸರ್ ಗ್ರಾಫ್‌ನಲ್ಲಿ ಇಸಿಜಿ ಥರ ಒಂದು ಗೆರೆ ಎದ್ದು ತೋರಿಸ್ತು, ಪೆನಾಲ್ಟಿ, ಹಾವರ್ಟ್ಸ್ ಗೋಲ್. ಮ್ಯಾಚ್ 2-0. ರೂಲ್ ಬುಕ್ ಪ್ರಕಾರ ಎರಡೂ ಸರಿ ಇರಬಹುದು. ಆದ್ರೆ ಆಫ್‌ಸೈಡ್ ರೂಲ್ ಮಾಡಿದ್ದು ಗೋಲ್ ಹತ್ರಾನೇ ಟೆಂಟ್ ಹಾಕ್ಕೊಂಡು ಕಾಯೋರನ್ನ ತಡೆಯೋಕೆ, ಉಗುರು ಅಳೆಯೋಕಲ್ಲ. ಇಷ್ಟು ಸೂಕ್ಷ್ಮವಾಗಿ ಅಳೆಯೋ ಮಿಷಿನ್ ಬಂದ್ಮೇಲೆ ರೂಲನ್ನೂ ಬದಲಾಯಿಸ್ಬೇಕಿತ್ತು. ಆರ್ಸೆನಲ್ ಕ್ಲಬ್‌ನ ಹಳೇ ಕೋಚ್ ಆರ್ಸೆನ್ ವೆಂಗರ್ ಹೇಳೋ ಹಾಗೆ ಇಬ್ಬರ ಮಧ್ಯೆ ಪೂರ್ತಿ ಗ್ಯಾಪ್ ಕಂಡ್ರೆ ಮಾತ್ರ ಆಫ್‌ಸೈಡ್ ಅಂದುಬಿಟ್ರೆ ನಾನಂತೂ ಖುಷಿ ಪಡ್ತೀನಿ, ಆಗಲೂ ಅಳತೆ ಮಾಡ್ಲೇಬೇಕು ನಿಜ, ಆದ್ರೆ ಕಾಲ್ಬೆರಳಿಗೆ ಗೋಲ್ ಕಳ್ಕೊಳ್ಳೋ ಪಾಡು ಇರಲ್ಲ.

ಮಿಷಿನ್ ಸರಿ ಇದ್ದು ಮನುಷ್ಯರೇ ಕೆಡಿಸಿದ್ದೂ ಇದೆ. 2023ರ ಸೆಪ್ಟೆಂಬರ್ 30, ಇಂಗ್ಲೆಂಡಿನ ಪ್ರೀಮಿಯರ್ ಲೀಗ್, ಟಾಟನ್‌ಹ್ಯಾಮ್ ಲಿವರ್‌ಪೂಲ್ ಮ್ಯಾಚು. ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹಾಕಿದ್ದು ಅಪ್ಪಟ ಗೋಲು, ಲೈನ್ಸ್‌ಮನ್ ಆಫ್‌ಸೈಡ್ ಅಂತ ಬಾವುಟ ಎತ್ತಿದ್ದ. ವಿಎಆರ್ ರೂಮಲ್ಲಿದ್ದೋರು ನೋಡಿದ್ರು, ಆನ್‌ಸೈಡ್ ಅಂತ ಅವರಿಗೆ ಗೊತ್ತಾಯ್ತು, ಆದ್ರೆ ಮೈದಾನದಲ್ಲಿ ಗೋಲ್ ಕೊಟ್ಟಿದ್ದಾರೆ ಅಂದ್ಕೊಂಡು ಚೆಕ್ ಕಂಪ್ಲೀಟ್ ಅಂದುಬಿಟ್ರು. ಹಾಗಾಗಿ ಲೈನ್ಸ್‌ಮನ್ ತೀರ್ಪೇ ಉಳೀತು, ಆಟ ಶುರುವಾಗ್ಹೋಯ್ತು. ಆಮೇಲೆ ರಿಲೀಸ್ ಮಾಡಿದ ಆಡಿಯೋ ಕೇಳಿ, ರಿಪ್ಲೇ ನಡೆಸೋನು ಇದು ಸರಿ ಇದೆಯಾ ಅಂತ ಕೇಳ್ತಾನೆ, ಆಗ ಇವರಿಗೆ ಹೊಳೆಯುತ್ತೆ, ಮ್ಯಾಚ್ ನಿಲ್ಸಿ ಅಂತಾನೂ ಒಳಗಿಂದ ಹೇಳಿಸ್ತಾರೆ, ಆದ್ರೆ ಆಟ ಮತ್ತೆ ಶುರುವಾಗಿದೆ, ಈಗ ಏನೂ ಮಾಡೋಕಾಗಲ್ಲ ಅಂತ ಕೈಚೆಲ್ತಾರೆ. ಲಿವರ್‌ಪೂಲ್ 2-1ರಲ್ಲಿ ಸೋಲ್ತು, ಅದೂ ಇಂಜುರಿ ಟೈಮ್‌ನ ಸೆಲ್ಫ್ ಗೋಲಿಂದ. ಮರು ವರ್ಷ ವಿಎಆರ್ ಬೇಡ ಅಂತ ವುಲ್ವ್ಸ್ ಕ್ಲಬ್ ಪ್ರೀಮಿಯರ್ ಲೀಗ್‌ನಲ್ಲಿ ವೋಟಿಗೆ ಹಾಕಿಸ್ತು, ಅವರದ್ದು ಒಂದು ವೋಟು, ಉಳಿದ 19 ಬೇಕು ಅಂತ. ಅದೇ ವರ್ಷ ಸ್ವೀಡನ್‌ನಲ್ಲಿ ಮಾತ್ರ ಬೇಡ ಅಂತಾನೇ ತೀರ್ಮಾನ ಆಯ್ತು, ಅಲ್ಲಿ ಕ್ಲಬ್‌ಗಳಲ್ಲಿ ಮೆಂಬರ್‌ಗಳ ಮಾತು ನಡೆಯುತ್ತೆ.

ಕ್ರಿಕೆಟ್‌ನಲ್ಲಿ ಡಿಆರ್‌ಎಸ್ ಇಲ್ವಾ ಅಂತ ಕೇಳ್ತೀರಿ. ಇದೆ, ಅಲ್ಲಿ ಬಾಲ್‌ಗೂ ಬಾಲ್‌ಗೂ ಮಧ್ಯೆ ಹೇಗಿದ್ರೂ ಆಟ ನಿಂತಿರುತ್ತೆ, ಮೂರನೇ ಅಂಪೈರ್ ನೋಡೋದೂ ಒಂದು ಟೆನ್ಶನ್ನೇ, ಮಜಾ ಬರುತ್ತೆ. ಫುಟ್‌ಬಾಲ್‌ನಲ್ಲಿ ತೊಂಬತ್ತು ನಿಮಿಷಕ್ಕೆ ಬರೋದೇ ಒಂದೋ ಎರಡೋ ಗೋಲು, ಅದು ಬಿದ್ದಾಗ ಪಕ್ಕದ ಸೀಟಿನ ಗುರುತಿಲ್ಲದೋನನ್ನ ತಬ್ಬಿಕೊಂಡು ಕೂಗೋದೇ ಆಟದ ಸುಖ, ಈಗ ಕೂಗಿ, ನಿಲ್ಲಿಸಿ, ದೊಡ್ಡ ಸ್ಕ್ರೀನ್ ನೋಡಿ, ಆಮೇಲೆ ಅರ್ಧ ಮನಸ್ಸಲ್ಲಿ ಇನ್ನೊಂದ್ಸಲ ಕೂಗ್ಬೇಕು.

ನಮ್ಮ ಇಂಡಿಯನ್ ಸೂಪರ್ ಲೀಗ್ ಐಎಸ್‌ಎಲ್‌ಗೂ ವಿಎಆರ್ ತರಬೇಕು ಅನ್ನೋ ಕೂಗು ಜೋರಾಗಿದ್ದು 2023ರ ಮಾರ್ಚ್ 3ರ ನಾಕೌಟ್ ಆದ್ಮೇಲೆ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ, ಕೇರಳ ಬ್ಲಾಸ್ಟರ್ಸ್, ಎಕ್ಸ್‌ಟ್ರಾ ಟೈಮ್, ಕೇರಳದೋರು ಫ್ರೀಕಿಕ್ ತಡೆಯೋಕೆ ಇನ್ನೂ ಸಾಲಾಗಿ ನಿಂತು ವಾಲ್ ಕಟ್ತಾ ಇದ್ರು, ಬೆಂಗಳೂರಿನ ಛೆಟ್ರಿ ಫ್ರೀಕಿಕ್‌ನ ಸೀದಾ ಖಾಲಿ ಗೋಲಿಗೆ ಹಾಕಿಬಿಟ್ಟ. ರೆಫರಿ ಗೋಲ್ ಅಂದ, ಕೇರಳದ ಕೋಚ್ ಟೀಮನ್ನೇ ಕರ್ಕೊಂಡು ಹೊರಗೆ ಹೋದ, ಆಮೇಲೆ ಕ್ಲಬ್‌ಗೆ 4 ಕೋಟಿ ದಂಡ, ಕೋಚ್‌ಗೆ 10 ಮ್ಯಾಚ್ ಬ್ಯಾನ್. ಆದ್ರೆ ಅಲ್ಲಿ ಇದ್ದ ಪ್ರಶ್ನೆ, ರೆಫರಿ ವಿಶಲ್‌ಗೆ ಕಾಯಬೇಕು ಅಂದಿದ್ನಾ ಇಲ್ವಾ ಅನ್ನೋದು. ಎಷ್ಟು ಕ್ಯಾಮೆರಾ ಇಟ್ರೂ ಅದು ಕಾಣ್ಸುತ್ತಾ? ಕೊಚ್ಚಿಯ ನನ್ನ ಫ್ರೆಂಡ್ ಇವತ್ತಿಗೂ ಅದು ಮೋಸ ಅಂತಾನೆ, ನಾನು ಬೆಂಗಳೂರಿನೋನು, ಗೋಲೇ ಅಂತೀನಿ, ಫೋನ್ ಇಟ್ಟುಬಿಡ್ತಾನೆ.